ತಣ್ಣಗಿದ್ದಾಗ ಮಾತ್ರ

ಎಡಗಡೆಗೂ ಒಂದು ಬ್ರೇಕು ಇರುವ ಕಾರು,
ಹಿಂದೆ ಮುಂದೆ ಕೆಂಪು ಎಲ್.
ಗಂಗಾಂಬಿಕೆ ಮೇಡಂ ಕೀಲಿಯನ್ನು ಬೆಂಚಿನ ಮೇಲೆ
ಇಟ್ಟರೋ, ಎಸೆದರೋ.
"ಎರಡು ಸಲ ಸೆನ್ಸರ್ ಬದ್ಲಿ ಮಾಡ್ಯಾರೆ, ಆಚಾರ್ರೆ,
ಏಳು ಸಾವಿರ ಹೋತು.
ಹಳದಿ ದೀಪ ಮಾತ್ರ ಅಲ್ಲೇ ಐತಿ.
ಹದಡಿ ರಸ್ತೆ ಸಿಗ್ನಲ್ಲಿನಾಗೆ
ಜಗ್ಗಿ ಜಗ್ಗಿ ನಿಂತೇ ಬಿಡ್ತೈತಿ."

ಸ್ಕ್ಯಾನರ್ ಚುಚ್ಚಿದೆ.
ಸೊನ್ನೆ ಪಾಯಿಂಟ್ ಒಂದು. ಸೊನ್ನೆ ಪಾಯಿಂಟ್ ಒಂದು.
ತೊಟ್ಟಿಲ ಹಾಗೆ ಅತ್ತಿತ್ತ ತೂಗಬೇಕಾದ ಅಂಕಿ
ಒಂದೇ ಕಡೆ ಒರಗಿ ಕೂತಿದೆ:
ಗಾಳಿ ಹೆಚ್ಚು, ಪೆಟ್ರೋಲು ಸಾಲದು, ಇನ್ನಷ್ಟು ಹಾಕು.
ಬಗ್ಗಿ ಸೈಲೆನ್ಸರಿನ ಬಾಯೊಳಗೆ ಬೆರಳಿಟ್ಟರೆ
ರೊಟ್ಟಿ ಹಂಚಿನ ಬೆನ್ನಿನಂಥ ಮಸಿ.
ಹಸಿವು ಅನ್ನುವವನ ಬಾಯಿ ತುಂಬ ಅನ್ನ.

ಇಬ್ಬರಲ್ಲಿ ಒಬ್ಬರದು ಸುಳ್ಳು.
ಇಲ್ಲಾ ಇಬ್ಬರದೂ ನಿಜ, ನಡುವೆ ಏನೋ ಇದೆ.

ನಮ್ಮ ಉಸ್ತಾದ್ ಚಮನ್‌ಸಾಬರ ಕಾಲಕ್ಕೆ ಸೆನ್ಸರ್ ಇರಲಿಲ್ಲ.
ಹೊಗೆಗೆ ಅಂಗೈ ಒಡ್ಡಿ, ಮೂಗಿಗೆ ಹಿಡಿದು,
ಕಣ್ಣು ಮುಚ್ಚಿ ಹೇಳುತ್ತಿದ್ದರು,
ಅರ್ಧ ತಿರುಪು ಬಿಗಿ ಮಾಡೋ.
ಆಮೇಲೆ ಆ ಕಾಯಿಲೆಯ ವರ್ಷ ಅವರ ಮೂಗು ಹೋಯಿತು.
ಮಂಡಕ್ಕಿ ಭಟ್ಟಿಯ ಮಗ್ಗುಲಿಗೇ ಮನೆ,
ಹೊಟ್ಟು ಸುಟ್ಟರೂ ಟೈರು ಸುಟ್ಟರೂ ಅವರಿಗೆ ಒಂದೇ.
ಒಂದಿನ ಒಲೆ ಮೇಲೆ ಹಾಲು ಸೀದು ಕಪ್ಪಾದರೂ
ಪಕ್ಕದ ಕುರ್ಚಿಯಲ್ಲಿ ಸುಮ್ಮನೆ ಕೂತಿದ್ದರು.
ಆ ಕುರ್ಚಿಯಿಂದಲೇ ನನಗೆ ಹೇಳಿದ್ದು:
"ತಣ್ಣಗಿದ್ದಾಗ ಕಿವಿ ಕೊಡು.
ಬಿಸಿ ಆದ ಮ್ಯಾಲೆ ಯಾವ ಗಾಡಿನೂ ಬಾಯಿ ಬಿಡಲ್ಲ."

"ಕಾರು ಇಲ್ಲೇ ಇರಲಿ ಮೇಡಂ,
ಬೆಳಗಿನ ಜಾವ ಐದೂವರೆಗೆ ಬರ್ರಿ."

ಡಿಸೆಂಬರು. ಬಾಷಾ ನಗರದ ಭಟ್ಟಿಗಳು ಆಗಲೇ ಉರಿ ಹಚ್ಚಿ
ಹೊಗೆ ಬೀದಿಯಲ್ಲಿ ಮೊಣಕಾಲೆತ್ತರಕ್ಕೆ ಮಲಗಿತ್ತು.
ಮೇಡಂ ಮಫ್ಲರು ಸುತ್ತಿಕೊಂಡು ಬಂದರು.
ತಿಪ್ಪೇಶನಿಗೆ ಕೀಲಿ ಕೊಟ್ಟೆ, ಹಚ್ಚೋ.

ಟಿಕ್. ಟಿಕ್. ಟಿಕ್ ಟಿಕ್ ಟಿಕ್.
ಗೋಡೆಯೊಳಗೆ ಹಲ್ಲಿ ಲೊಚಗುಟ್ಟಿದ ಹಾಗೆ.
ನೆಲಕ್ಕೆ ಬೆನ್ನು ಹಾಸಿ, ಊದುಬತ್ತಿ ಹಿಡಿದು
ಪೈಪಿನ ಗುಂಟ ಮೆಲ್ಲಗೆ ನಡೆಸಿದೆ.
ನೆಟ್ಟಗೆ ಏಳುತ್ತಿದ್ದ ಎಳೆ ಒಂದು ಕಡೆ
ಥಟ್ಟನೆ ಚೆದುರಿತು, ಮರುಕ್ಷಣ ಒಳಕ್ಕೆ ಬಾಗಿತು,
ಮತ್ತೆ ಚೆದುರಿತು.
ಸೆನ್ಸರಿಗಿಂತ ನಾಲ್ಕು ಬೆರಳು ಮುಂಚೆ,
ಮ್ಯಾನಿಫೋಲ್ಡಿನ ಬೆಸುಗೆಯ ಕೆಳಗೆ,
ಒಂದು ಕೂದಲು. ಕೂದಲಷ್ಟೇ ಬಿರುಕು.

ಉಸಿರು ಉಸಿರಿನ ನಡುವಿನ ಬಿಡುವಿನಲ್ಲಿ
ಹೊರಗಿನ ಗಾಳಿಯನ್ನು ಕದ್ದು ಕುಡಿಯುತ್ತಿತ್ತು.
ಆ ಗಾಳಿಯನ್ನೇ ಮೂಸಿ ಸೆನ್ಸರ್
ಇದ್ದದ್ದನ್ನು ಇದ್ದ ಹಾಗೆ ಹೇಳಿತ್ತು,
ಎರಡು ಸಲ ಕೆಲಸ ಕಳೆದುಕೊಂಡಿತ್ತು.

ಐದು ನಿಮಿಷ. ಕಬ್ಬಿಣ ಕಾದು, ಹಿಗ್ಗಿ,
ಬಿರುಕು ತುಟಿ ಮುಚ್ಚಿತು.
ಊದುಬತ್ತಿ ಮತ್ತೆ ನೆಟ್ಟಗೆ.

ಮೇಡಂ ಬಗ್ಗಿ ಬಹಳ ಹೊತ್ತು ಆ ಜಾಗ ನೋಡಿದರು.
"ಹೋದ ತಿಂಗಳು ಒಬ್ಬಾಕಿ ಬರ್ತಿದ್ಲು, ಫೈರೋಜಾ ಅಂತ,
ಹೂವಿನಂಗಡಿಯಾಕಿ.
ಸಿಗ್ನಲ್ಲಿನಾಗೆ ಮೂರು ಸಲ ಗಾಡಿ ಆಫ್ ಆತು.
ನಿನ್ನ ಕಾಲಿಗೆ ಬುದ್ಧಿ ಇಲ್ಲ ಅಂದೆ,
ಹಿಂದಿನ ಸೀಟಿನೋರು ನಕ್ಕರು.
ಮರುದಿನ ಬರಲಿಲ್ಲ ಆಕಿ."

ನಾನು ಬ್ರೇಜಿಂಗ್ ಕಡ್ಡಿ ಹುಡುಕುತ್ತಿದ್ದೆ. ಏನನ್ನಲಿ.
ಬಿಚ್ಚಿ ಬೆಸೆದು ಕೂರಿಸಿದರೆ ಸಾವಿರದಿನ್ನೂರು ಅಂದೆ.
ಹಳೇ ಸೆನ್ಸರ್ ಬಿಸಾಕಿರದಿದ್ದರೆ ತನ್ನಿ ಅಂದೆ,
ಕೆಟ್ಟಿರಲಾರವು.

ಅವರು ಫೋನು ತೆಗೆದು, ಹೆಸರು ಹುಡುಕುತ್ತ
ಗೇಟಿನ ತನಕ ಹೋದರು, ನಿಂತರು.
ಇನ್ನೂ ಆರು ಹೊಡೆದಿರಲಿಲ್ಲ.
ತಿಪ್ಪೇಶ ಬಾನೆಟ್ಟಿನ ಮೇಲೆ ಎರಡೂ ಕೈ ಇಟ್ಟು
ಕಾಯಿಸಿಕೊಳ್ಳುತ್ತಿದ್ದ.